ಕಾಗದಕ್ಕೆ ಮೊದಲು ಕೈ



ಅನುಗೊಂಡನಹಳ್ಳಿ ಎಂದೊಡನೆ ಹೊಸಕೋಟೆ ಸೀಮೆಯವರಾದ ನಿಮಗೆ ರಾಗಿಯ ಹೊಲ, ತರಕಾರಿಯ ತೋಟ, ನೀಲಗಿರಿಯ ತೋಪು, ದಕ್ಷಿಣ ಪಿನಾಕಿನಿಯ ಬಯಲು ಮೊದಲು ಕಣ್ಣಿಗೆ ಕಟ್ಟಬಹುದು. ಆದರೆ ಅದೇ ಹೋಬಳಿಯಿಂದ ಬೈಕನ್ನೇರಿ ಹೊರಟ ತರುಣನೊಬ್ಬನು, ರಸ್ತೆಯ ವಾಹನಸಂದಣಿಯು ಕೃಪೆದೋರಿದಲ್ಲಿ, ಒಂದು ಗಂಟೆಯೊಳಗಾಗಿ, ಸಾವಿರಾರು ಗಣಕಯಂತ್ರಗಳು ಹಗಲಿರುಳೆನ್ನದೆ ಭೂಮಂಡಲದ ಮತ್ತೊಂದು ಮಗ್ಗುಲಿನ ಗಣಕಯಂತ್ರಗಳೊಡನೆ ವ್ಯವಹರಿಸುತ್ತಿರುವ ವೈಟ್‌ಫೀಲ್ಡಿನ ಸೌಧಗಳ ಮುಂದೆ ನಿಲ್ಲಬಲ್ಲನೆಂಬುದೂ ಅಷ್ಟೇ ನಿಜ. 2023ರಲ್ಲಿ ಕಾಡುಗೋಡಿಯವರೆಗೆ ಮೆಟ್ರೋ ರೈಲೂ ಬಂದಿತು. ದಾರಿ ಹತ್ತಿರವಾಯಿತು. ಆ ಸೌಧಗಳೊಳಗಿನ ಕೆಲಸವೂ ಹತ್ತಿರವಾಯಿತೆ?

ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮುಗಿಸಿದ ಮಗನನ್ನೋ ಮಗಳನ್ನೋ ಎದುರಿಗಿಟ್ಟುಕೊಂಡು ಚಿಂತಿಸುತ್ತಿರುವ ತಂದೆತಾಯಿಗಳಿಗೆ, ನೆಂಟರಲ್ಲಿ ಒಬ್ಬರಲ್ಲ ಒಬ್ಬರು, “ನೆಟ್‌ವರ್ಕಿಂಗ್ ಕೋರ್ಸು ಮಾಡಿಸಿಬಿಡಿ, ಸರ್ಟಿಫಿಕೇಟು ಬಂದರೆ ಕೆಲಸ ಗ್ಯಾರಂಟಿ” ಎಂದು ಹೇಳಿಯೇ ಇರುತ್ತಾರೆ. ಯಾವ ಕೋರ್ಸು, ಯಾರ ಸರ್ಟಿಫಿಕೇಟು, ಎಷ್ಟು ಹಣ, ಅದನ್ನು ಪಡೆದವನಿಗೆ ದಿನವೂ ಮಾಡಬೇಕಾಗಿ ಬರುವ ಕೆಲಸವೇನು ಎಂಬುದನ್ನು ಮಾತ್ರ ಅವರಾರೂ ಬಿಡಿಸಿ ಹೇಳುವುದಿಲ್ಲ. ಅದನ್ನೇ ಇಂದು ನಿಮ್ಮ ಮುಂದೆ ಬಿಡಿಸಲು ಯತ್ನಿಸುತ್ತೇನೆ. ನನ್ನ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳಿಬಿಡುವುದು ಉಚಿತ. ಈ ವಿದ್ಯೆಯಲ್ಲಿ ಕೈ ಮೊದಲು, ಕಾಗದ ಆಮೇಲೆ.

ಮೊದಲಿಗೆ ಈ ಜಾಲವೆಂದರೇನೆಂಬುದನ್ನು ನೋಡೋಣ. ನಿಮ್ಮ ಮೊಬೈಲಿನಿಂದ ಹೊರಟ ಒಂದು ಚಿತ್ರವು ಅಖಂಡವಾಗಿ ಹೋಗುವುದಿಲ್ಲ. ಅದು ಚಿಕ್ಕ ಚಿಕ್ಕ ತುಣುಕುಗಳಾಗಿ ಒಡೆಯುತ್ತದೆ. ಪ್ರತಿಯೊಂದು ತುಣುಕೂ ತಾನು ಎಲ್ಲಿಂದ ಹೊರಟೆ, ಎಲ್ಲಿಗೆ ಹೋಗಬೇಕು ಎಂಬ ಎರಡು ವಿಳಾಸಗಳನ್ನು ಹೊತ್ತುಕೊಂಡು ಹೊರಡುತ್ತದೆ. ದಾರಿಯ ಪ್ರತಿಯೊಂದು ಕವಲಿನಲ್ಲಿಯೂ ರೌಟರ್ ಎಂಬ ಯಂತ್ರವೊಂದಿದ್ದು, ಕೆರೆಯ ನೀರನ್ನು ಇಂದು ಯಾವ ಕಾಲುವೆಗೆ, ಯಾರ ಗದ್ದೆಗೆ ಬಿಡಬೇಕೆಂಬುದನ್ನು ನಿರ್ಣಯಿಸುವ ನಮ್ಮ ನೀರುಗಂಟಿಯಂತೆ, ಬಂದ ತುಣುಕನ್ನು ಯಾವ ದಾರಿಗೆ ಹಾಯಿಸಬೇಕೆಂಬುದನ್ನು ಕ್ಷಣಾರ್ಧದಲ್ಲಿ ನಿರ್ಣಯಿಸುತ್ತದೆ. ಆ ತುಣುಕುಗಳೆಲ್ಲ ಗುರಿಯನ್ನು ಮುಟ್ಟಿ, ಮತ್ತೆ ಒಂದುಗೂಡಿ, ಮೊದಲಿನ ಚಿತ್ರವಾಗುತ್ತವೆ.

1969ರಲ್ಲಿ ಅಮೆರಿಕದ ನಾಲ್ಕು ಸಂಸ್ಥೆಗಳ ಗಣಕಗಳನ್ನು ಬೆಸೆದ ಜಾಲದಲ್ಲಿ ಈ ಉಪಾಯವು ಕಾರ್ಯರೂಪಕ್ಕೆ ಬಂದಿತು. ಇಂದಿಗೂ ಜಗತ್ತೆಲ್ಲ ಅನುಸರಿಸುತ್ತಿರುವ, ಗಣಕಗಳ ಸಂಭಾಷಣೆಯ ನಿಯಮಗಳು ಆ ಜಾಲದಲ್ಲಿ ಜಾರಿಗೆ ಬಂದದ್ದು 1983ರ ಜನವರಿ 1ರಂದು. ನಮ್ಮ ದೇಶದಲ್ಲಿ 1986ರಲ್ಲಿ ಆರಂಭವಾದ ಶಿಕ್ಷಣ ಸಂಶೋಧನಾ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಭಾಗಿಯಾಗಿತ್ತು. ಜನಸಾಮಾನ್ಯರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ಮುಂದೆ 2011ರಲ್ಲಿ ಮಂಜೂರಾಗಿ, ಈಗ ಭಾರತ್‌ನೆಟ್ ಎಂಬ ಹೆಸರಿನಿಂದ ನಡೆಯುತ್ತಿರುವ ಯೋಜನೆಯು, ದೇಶದ ಸುಮಾರು 2,50,000 ಗ್ರಾಮ ಪಂಚಾಯಿತಿಗಳ ಬಾಗಿಲಿಗೆ ಬೆಳಕನ್ನು ಒಯ್ಯುವ ಗಾಜಿನ ಎಳೆಯನ್ನು ತಲುಪಿಸುವ ಸಂಕಲ್ಪವನ್ನು ಹೊತ್ತಿತು. ನಗರದಲ್ಲಿ ಹುಟ್ಟಿದ ವಿದ್ಯೆ ಹಳ್ಳಿಯ ಕಂಬವನ್ನೂ ಏರಿದೆ. ಕಂಬ ಏರಿದ ಮೇಲೆ ಆ ಎಳೆಯನ್ನು ರಿಪೇರಿ ಮಾಡಬಲ್ಲವರೂ ಬೇಕಷ್ಟೆ.

ಜಾಲವೆಂದರೆ ವಿಳಾಸ ಹೊತ್ತ ತುಣುಕುಗಳ ಸಂಚಾರ, ಅದು ಈಗ ನಮ್ಮ ಊರುಗಳವರೆಗೂ ಬಂದಿದೆ. ಇಷ್ಟನ್ನು ಕೇಳಿದಿರಿ. ಇನ್ನು, ಈ ವಿದ್ಯೆಯ ಮೊದಲ ಮೆಟ್ಟಿಲಲ್ಲಿ ನಿಂತವನಿಗೆ ದೊರೆಯುವ ಕೆಲಸ ಯಾವುದು?

ಅದು ಎರಡು ಬಗೆ. ಮೊದಲನೆಯದು ನಿಗಾ ಕೊಠಡಿಯ ಕೆಲಸ. ಗೋಡೆಯ ತುಂಬ ಪರದೆಗಳಿವೆ, ಪರದೆಗಳ ಮೇಲೆ ನೂರಾರು ಹಸಿರು ಚುಕ್ಕಿಗಳಿವೆ ಎಂದು ಭಾವಿಸಿಕೊಳ್ಳಿ. ಒಂದು ಚುಕ್ಕಿ ಕೆಂಪಾಯಿತು. ಎಲ್ಲಿಯೋ ಒಂದು ಶಾಖೆಯ ಸಂಪರ್ಕ ಕಡಿದಿದೆ. ಕುರ್ಚಿಯಲ್ಲಿ ಕುಳಿತ ಹುಡುಗಿಯು ಆ ಶಾಖೆಯ ಯಂತ್ರಕ್ಕೆ ಪಿಂಗ್ ಎಂಬ ಪರೀಕ್ಷೆಯ ತುಣುಕೊಂದನ್ನು ಕಳುಹಿಸಿ, ಉತ್ತರ ಬಾರದಿರಲು, ದಾರಿಯಲ್ಲಿ ಎಲ್ಲಿಯವರೆಗೆ ತುಣುಕು ಹೋಗುತ್ತಿದೆ, ಎಲ್ಲಿಂದ ಮುಂದಕ್ಕೆ ಹೋಗುತ್ತಿಲ್ಲ ಎಂಬುದನ್ನು ಗುರುತಿಸಿ, ಅಲ್ಲಿಯವರಿಗೆ ಫೋನು ಮಾಡಿ, “ಡಬ್ಬಿಯ ಮೇಲೆ ಯಾವ ದೀಪ ಉರಿಯುತ್ತಿದೆ ನೋಡಿ ಹೇಳಿ ಸರ್” ಎಂದು ಕೇಳಿ, ಎಲ್ಲವನ್ನೂ ದೂರಿನ ಪಟ್ಟಿಯಲ್ಲಿ ಬರೆದು, ತನ್ನಿಂದಾಗದಿದ್ದರೆ ಮೇಲಿನವರಿಗೆ ಒಪ್ಪಿಸಬೇಕು. ಎಲ್ ಒನ್ ಎಂದು ಎಲ್ಲರೂ ಕರೆಯುವ ಹುದ್ದೆ ಇದೇ. ಪಾಳಿಯ ಕೆಲಸ, ರಾತ್ರಿಯೂ ಇರುತ್ತದೆ. ಹೆಣ್ಣುಮಕ್ಕಳಿಗೆ ರಾತ್ರಿ ಪಾಳಿಯಲ್ಲಿ ವಾಹನ ಸೌಕರ್ಯ ಒದಗಿಸುವ ಹೊಣೆ ನಮ್ಮ ರಾಜ್ಯದಲ್ಲಿ ಉದ್ಯೋಗದಾತರದು. ತಂದೆತಾಯಿಗಳು ಇದನ್ನು ತಿಳಿದಿರುವುದು ಒಳ್ಳೆಯದು.

ಎರಡನೆಯದು ತಿರುಗಾಟದ ಕೆಲಸ. ಹೊಸಕೋಟೆಯ ಸುತ್ತ ಎದ್ದಿರುವ ಸರಕಿನ ಗೋದಾಮುಗಳು, ದೇವನಗೊಂದಿಯ ಇಂಧನ ಸಂಗ್ರಹಾಗಾರಗಳು, ಆಸ್ಪತ್ರೆಗಳು, ಶಾಲೆಗಳು, ಕಲ್ಯಾಣಮಂಟಪಗಳು ಎಲ್ಲಕ್ಕೂ ಇಂದು ಕ್ಯಾಮರಾ ಬೇಕು, ವೈಫೈ ಬೇಕು, ತಂತಿ ಬೇಕು. ಆ ತಂತಿಯನ್ನು ಎಳೆದು, ತುದಿ ಕಟ್ಟಿ, ಹಲವು ತಂತಿಗಳನ್ನು ಕೂಡಿಸುವ ಸ್ವಿಚ್ ಎಂಬ ಡಬ್ಬಿಗೆ ಸಿಕ್ಕಿಸಿ, ಕೆಟ್ಟಾಗ ಕರೆದರೆ ಬರುವವನೂ ಬೇಕು. ನಗರದ ಕಚೇರಿಯ ಕನಸಿನಲ್ಲಿ ಈ ಎರಡನೆಯ ಬಗೆಯನ್ನು ನಮ್ಮವರು ಕೀಳಾಗಿ ಕಾಣುವುದುಂಟು. ನಾನು ಹಾಗೆ ಕಾಣುವುದಿಲ್ಲ. ಏಣಿ ಹತ್ತಿ ತಂತಿ ಎಳೆದವನು, ನಾಳೆ ನಿಗಾ ಕೊಠಡಿಯಲ್ಲಿ ಕುಳಿತಾಗ, ಕೆಂಪು ಚುಕ್ಕಿಯ ಹಿಂದೆ ಒಂದು ಇಲಿಯೋ, ಸಡಿಲವಾದ ಕೊಕ್ಕೆಯೋ ಇರಬಹುದೆಂಬುದನ್ನು ಮೊದಲು ಊಹಿಸುತ್ತಾನೆ.

ಹೀಗೆ, ಮೊದಲ ಕೆಲಸವು ಒಂದೋ ಪರದೆಯ ಮುಂದಿನದು, ಇಲ್ಲವೇ ಏಣಿಯ ಮೇಲಿನದು. ಎರಡಕ್ಕೂ ಬೇಕಾದ ಕೈಯ ವಿದ್ಯೆ ಎಂಥದೆಂಬುದನ್ನು ಈಗ ಒಂದೆರಡು ನಿದರ್ಶನಗಳಿಂದ ತೋರಿಸಬೇಕು. ಬಾನುಲಿಯಲ್ಲಿ ತೋರಿಸುವುದೆಂದರೆ ಹೇಳುವುದೇ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಚೇರಿಗಳಲ್ಲಿ ಕಾಣುವ, ಸಾಮಾನ್ಯವಾಗಿ ನೀಲಿ ಅಥವಾ ಬೂದು ಬಣ್ಣದ ನೆಟ್ ಕೇಬಲ್ಲಿನ ಹೊದಿಕೆಯನ್ನು ಸುಲಿದರೆ ಒಳಗೆ 8 ಎಳೆಗಳಿರುತ್ತವೆ. ಅವು ಎರಡೆರಡಾಗಿ ಹೆಣೆದುಕೊಂಡು 4 ಜೋಡಿಗಳಾಗಿರುತ್ತವೆ: ಕಿತ್ತಳೆ, ಹಸಿರು, ನೀಲಿ, ಕಂದು, ಪ್ರತಿ ಬಣ್ಣಕ್ಕೂ ಬಿಳಿಪಟ್ಟೆಯ ಒಬ್ಬ ಜೊತೆಗಾರ. ಈ ಹೆಣಿಗೆ ಅಲಂಕಾರಕ್ಕಾಗಿ ಮಾಡಿದ್ದಲ್ಲ. ಒಂದು ಜೋಡಿಯ ಎರಡು ಎಳೆಗಳಲ್ಲಿ ಒಂದೇ ಸಂಕೇತವು ಪರಸ್ಪರ ವಿರುದ್ಧವಾಗಿ ಹರಿಯುತ್ತದೆ. ಹೊರಗಿನ ವಿದ್ಯುತ್ತಿನ ಕಿರಿಕಿರಿಯು, ಎರಡೂ ಎಳೆಗಳು ಹೆಣೆದುಕೊಂಡೇ ಇರುವುದರಿಂದ, ಎರಡನ್ನೂ ಸಮನಾಗಿ ತಟ್ಟಿ, ಕೊನೆಯಲ್ಲಿ ಒಂದನ್ನೊಂದು ಕಳೆದು ಇಲ್ಲವಾಗುತ್ತದೆ. ಇದು ತತ್ತ್ವ. ಇನ್ನು ಪ್ರಯೋಗ. ಈ 8 ಎಳೆಗಳನ್ನು ನೇರಮಾಡಿ, ಒಂದು ನಿಯತ ಕ್ರಮದಲ್ಲಿ ಜೋಡಿಸಿ, ಸಮನಾಗಿ ಕತ್ತರಿಸಿ, ಉಗುರಿನಷ್ಟು ದೊಡ್ಡದಾದ ಪ್ಲಾಸ್ಟಿಕ್ಕಿನ ಕನೆಕ್ಟರಿನೊಳಗೆ ತೂರಿಸಿ, ಕ್ರಿಂಪಿಂಗ್ ಟೂಲಿನಿಂದ ಒತ್ತಬೇಕು.

ಆ ಕ್ರಮವನ್ನು ಗಮನಿಸಿ. ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ಆಮೇಲೆ ಹಸಿರಲ್ಲ, ನೀಲಿ. ನೀಲಿಯಾದ ಮೇಲೆ ಬಿಳಿ ನೀಲಿ, ಅನಂತರ ಹಸಿರು, ಕೊನೆಗೆ ಬಿಳಿ ಕಂದು, ಕಂದು. ಹಸಿರಿನ ಜೊತೆಗಾರರಿಬ್ಬರನ್ನು ಅಗಲಿಸಿ ನಡುವೆ ನೀಲಿಯ ಜೋಡಿಯನ್ನು ಕೂರಿಸಲಾಗಿದೆ. ಹೊಸಬನು ಏನು ಮಾಡುತ್ತಾನೆ? ಬಣ್ಣಕ್ಕೆ ಬಣ್ಣ ಪಕ್ಕದಲ್ಲಿದ್ದರೆ ಅಚ್ಚುಕಟ್ಟೆಂದು ಭಾವಿಸಿ, ಎರಡು ತುದಿಗಳಲ್ಲಿಯೂ ಹಸಿರಿನ ಪಕ್ಕದಲ್ಲಿ ಹಸಿರು, ನೀಲಿಯ ಪಕ್ಕದಲ್ಲಿ ನೀಲಿ ಇಟ್ಟು ಒತ್ತಿಬಿಡುತ್ತಾನೆ. ಅಗ್ಗದ ಟೆಸ್ಟರಿಗೆ ಸಿಕ್ಕಿಸಿದರೆ 1ರಿಂದ 8ರವರೆಗೆ ದೀಪಗಳು ಸಾಲಾಗಿ ಹೊತ್ತುತ್ತವೆ. ಎಲ್ಲವೂ ಸರಿಯೆಂದು ತೋರುತ್ತದೆ. ಆದರೆ ಜೊತೆಯಾಗಿ ಹರಿಯಬೇಕಾದ ಸಂಕೇತವು ಈಗ ಬೇರೆ ಬೇರೆ ಹೆಣಿಗೆಗಳಿಗೆ ಸೇರಿದ ಎರಡು ಎಳೆಗಳಲ್ಲಿ ಹರಿಯುತ್ತಿದೆ. ಕಿರಿಕಿರಿಯನ್ನು ಕಳೆಯುವ ಉಪಾಯವೇ ಮುರಿದುಹೋಗಿದೆ. ಗಿಡ್ಡ ತಂತಿಯಲ್ಲಿ ಹೇಗೋ ನಡೆಯುತ್ತದೆ. ಉದ್ದ ತಂತಿಯಲ್ಲಿ, ಕೆಲಸದ ಹೊರೆ ಏರಿದಾಗ, ನೆಟ್ ತಡವರಿಸುತ್ತದೆ. ಗಿರಾಕಿಯು ಕಂಪನಿಯನ್ನು ಬೈಯುತ್ತಾನೆ, ಕಂಪನಿಯು ಯಂತ್ರವನ್ನು ಬದಲಿಸುತ್ತದೆ, ದೋಷವು ಗೋಡೆಯೊಳಗೆ ಹಾಗೆಯೇ ಇರುತ್ತದೆ. ಈ ದೋಷವನ್ನು ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಓದಬಹುದು. ಆದರೆ ಸ್ವತಃ ಹತ್ತಾರು ತುದಿಗಳನ್ನು ಕಟ್ಟಿ ಕೆಡಿಸಿದವನೇ ಅದನ್ನು ಸ್ಥಳದಲ್ಲಿ ಗುರುತಿಸಬಲ್ಲನು. ಇಂಥ ತಾಮ್ರದ ತಂತಿಯ ಎಲ್ಲೆ 100 ಮೀಟರು ಎಂಬುದನ್ನೂ, ಗೋದಾಮಿನ ಉದ್ದವನ್ನು ಹೆಜ್ಜೆಯಲ್ಲಿ ಅಳೆದವನು ಮರೆಯುವುದಿಲ್ಲ.

ಇದು ತಂತಿಯ ಮಾತಾಯಿತು. ಇನ್ನೊಂದು ನಿದರ್ಶನ ಲೆಕ್ಕದ್ದು. ಜಾಲದಲ್ಲಿ ಪ್ರತಿ ಯಂತ್ರಕ್ಕೂ ವಿಳಾಸವಿರುತ್ತದೆಂದು ಹೇಳಿದೆನಷ್ಟೆ. ಹಳೆಯ ಪದ್ಧತಿಯ ವಿಳಾಸದಲ್ಲಿ ನಾಲ್ಕು ಸಂಖ್ಯೆಗಳು, ಪ್ರತಿಯೊಂದೂ 0ಯಿಂದ 255ರವರೆಗೆ. ಒಟ್ಟು ಸುಮಾರು 430 ಕೋಟಿ ವಿಳಾಸಗಳು. ಮನುಷ್ಯಕುಲಕ್ಕೆ ಅಷ್ಟು ಸಾಲದೆ ಹೋದದ್ದರಿಂದ ಹೊಸ ಪದ್ಧತಿ ಬಂದಿದೆ, ಹಳೆಯದು ಹೋಗಿಲ್ಲ. ಈಗ ಒಂದು ಊರಿನ ಶಾಲೆ, ಪಂಚಾಯಿತಿ ಕಚೇರಿ, ಆರೋಗ್ಯ ಕೇಂದ್ರ, ಹಾಲಿನ ಸಂಘ ಈ ನಾಲ್ಕಕ್ಕೂ 256 ವಿಳಾಸಗಳ ಒಂದು ಗುಂಪನ್ನು ಹಂಚಬೇಕಾಗಿದೆಯೆಂದು ಇಟ್ಟುಕೊಳ್ಳಿ. ತಲಾ 64. ಪ್ರತಿ ಪಾಲಿನಲ್ಲಿಯೂ ಮೊದಲನೆಯದು ಆ ಗುಂಪಿನ ಹೆಸರಿಗೆ, ಕೊನೆಯದು ಎಲ್ಲರನ್ನೂ ಒಟ್ಟಿಗೆ ಕೂಗುವುದಕ್ಕೆ ಮೀಸಲು; ಬಳಸಬಹುದಾದದ್ದು 62. ಶಾಲೆಯ ಪಾಲು ಎಲ್ಲಿ ಮುಗಿಯಿತು, ಪಂಚಾಯಿತಿಯ ಪಾಲು ಎಲ್ಲಿ ಆರಂಭವಾಯಿತು ಎಂಬ ಎಲ್ಲೆಯನ್ನು ಯಂತ್ರದಲ್ಲಿ ತಪ್ಪಾಗಿ ಬರೆದರೆ, ಒಂದೇ ಗೋಡೆಯ ಆಚೀಚೆಗಿರುವ ಎರಡು ಗಣಕಗಳು ಒಂದನ್ನೊಂದು ಕಾಣದೆ ಹೋಗುತ್ತವೆ. ಕಷ್ಟದ ಗಣಿತವಲ್ಲ. ಎರಡರಿಂದ ಗುಣಿಸುತ್ತ ಹೋಗುವುದು ಬಂದರೆ ಸಾಕು: 2, 4, 8, 16, 32, 64, 128. ಹಳ್ಳಿಯ ಶಾಲೆಯಲ್ಲಿ ಮಗ್ಗಿಯನ್ನು ಬಾಯಿಪಾಠ ಮಾಡಿದ ಮಕ್ಕಳು, ಕ್ಯಾಲ್ಕ್ಯುಲೇಟರಿನ ಆಸರೆಯಲ್ಲಿ ಬೆಳೆದ ಮಕ್ಕಳಿಗಿಂತ ಇಲ್ಲಿ ಹಿಂದುಳಿಯಬೇಕಾಗಿಲ್ಲವೆಂದು ನನ್ನ ಎಣಿಕೆ.

ತಂತಿಯ ತುದಿ ಕಟ್ಟುವುದು, ವಿಳಾಸ ಹಂಚುವುದು, ಕೆಟ್ಟದ್ದನ್ನು ಹುಡುಕುವುದು ಇವೇ ಕೈಯ ವಿದ್ಯೆ. ಈಗ ಕಾಗದದ ಮಾತಿಗೆ ಬರುತ್ತೇನೆ. ಇದರಲ್ಲಿ ಸರ್ಕಾರದ್ದೂ ಇದೆ, ಕಂಪನಿಗಳದ್ದೂ ಇದೆ.

ಸರ್ಕಾರದ ದಾರಿಯೆಂದರೆ ಐಟಿಐ. 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯ ಅಂಗವಾದ ಈ ಶಾಲೆಗಳನ್ನು ನಾವು ಫಿಟ್ಟರು, ಟರ್ನರು, ಎಲೆಕ್ಟ್ರೀಷಿಯನ್ನರ ಶಾಲೆಗಳೆಂದೇ ತಿಳಿದಿದ್ದೇವೆ. ಆದರೆ ಹತ್ತನೆಯ ತರಗತಿ ತೇರ್ಗಡೆಯಾದವರಿಗಾಗಿ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ನಿರ್ವಹಣೆಯ ಒಂದು ವರ್ಷದ ವೃತ್ತಿಯೂ, ಸಂವಹನ ಯಂತ್ರಗಳ ನಿರ್ವಹಣೆಯ ಎರಡು ವರ್ಷದ ವೃತ್ತಿಯೂ ಆ ಯೋಜನೆಯ ಪಟ್ಟಿಯಲ್ಲಿವೆ. ಎಲ್ಲ ಐಟಿಐಗಳಲ್ಲಿಯೂ ಎಲ್ಲ ವೃತ್ತಿಗಳು ಇರುವುದಿಲ್ಲ. ಹತ್ತಿರದ ಐಟಿಐಯಲ್ಲಿ ವಿಚಾರಿಸಬೇಕು. 2022ರಲ್ಲಿ ನಮ್ಮ ರಾಜ್ಯದ 150 ಸರ್ಕಾರಿ ಐಟಿಐಗಳು ಟಾಟಾ ಟೆಕ್ನಾಲಜೀಸ್ ಸಂಸ್ಥೆಯ ಸಹಭಾಗಿತ್ವದಲ್ಲಿ ಹೊಸ ಯಂತ್ರಗಳಿಂದ ಸಜ್ಜಾದುವು. ಫೀಸು ಅಲ್ಪ, ಕೈಗೆ ಕೆಲಸ ಹೆಚ್ಚು. ಈ ದಾರಿಯನ್ನು ಹಳತೆಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಕಂಪನಿಗಳ ದಾರಿಯಲ್ಲಿ ಎಲ್ಲರ ಬಾಯಲ್ಲಿಯೂ ಇರುವ ಹೆಸರು ಸಿಸ್ಕೋ. 1984ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಸಂಸ್ಥೆಯು 1997ರಲ್ಲಿ ಜಾಲವಿದ್ಯೆಯ ಅಕಾಡೆಮಿಯನ್ನೂ, 1998ರಲ್ಲಿ ಸಿಸಿಎನ್ಎ ಎಂಬ ಪರೀಕ್ಷೆಯನ್ನೂ ಆರಂಭಿಸಿತು. 2007ರಲ್ಲಿ ಬೆಂಗಳೂರಿನಲ್ಲಿ ಪೂರ್ವ ಭಾಗದ ತನ್ನ ಜಾಗತೀಕರಣ ಕೇಂದ್ರವನ್ನು ತೆರೆಯಿತು. ಸಿಸಿಎನ್ಎ ಪರೀಕ್ಷೆಗೆ ಕುಳಿತುಕೊಳ್ಳಲು ಪದವಿಯ ನಿರ್ಬಂಧವಿಲ್ಲ. ಎರಡು ಗಂಟೆಯ ಕಾಲ. ಶುಲ್ಕ ಈಗ 300 ಡಾಲರು. ನಮ್ಮ ಹಣದಲ್ಲಿ 25,000 ರೂಪಾಯಿಗೂ ಮೇಲೆ. ನಪಾಸಾದವನು ಸಾಮಾನ್ಯವಾಗಿ ಮತ್ತೆ ಪೂರ್ಣ ಶುಲ್ಕ ತೆತ್ತೇ ಕುಳಿತುಕೊಳ್ಳಬೇಕು. ಪಾಸಾದರೂ ಪ್ರಮಾಣಪತ್ರದ ಆಯುಸ್ಸು 3 ವರ್ಷ; ಅಷ್ಟರಲ್ಲಿ ನವೀಕರಿಸಿಕೊಳ್ಳಬೇಕು. ನೂರಕ್ಕೆ 25 ಪಾಲು ಪ್ರಶ್ನೆಗಳು ತುಣುಕುಗಳಿಗೆ ದಾರಿ ಹಾಕುವ ವಿಷಯವಾಗಿ, 20 ಪಾಲು ಮೂಲತತ್ತ್ವಗಳನ್ನು ಕುರಿತು, ಮತ್ತೆ 20 ಪಾಲು ಸ್ವಿಚ್ಚು ವೈಫೈಗಳನ್ನು ಕುರಿತು, 15 ಪಾಲು ರಕ್ಷಣೆಯನ್ನು ಕುರಿತು ಬರುತ್ತವೆ. ಉಳಿದುದನ್ನು ಬಿಟ್ಟುಬಿಡೋಣ. ಪರೀಕ್ಷೆಯ ಕೊಠಡಿಯೊಳಗೆ ಕ್ಯಾಲ್ಕ್ಯುಲೇಟರ್ ಇಲ್ಲ. ಉತ್ತರ ಕೊಟ್ಟು ಮುಂದೆ ಹೋದರೆ ಹಿಂದಿನ ಪ್ರಶ್ನೆಗೆ ಮರಳುವಂತಿಲ್ಲ. ಆಗಲೇ ಹೇಳಿದ 64, 128ರ ಲೆಕ್ಕ ಅಲ್ಲಿ ತಲೆಯಲ್ಲಿಯೇ ಓಡಬೇಕು.

ಸಿಸಿಎನ್ಎಗಿಂತ ಕೆಳಗಿನ ಮೆಟ್ಟಿಲೂ ಇದೆ. ಸಿಸಿಎಸ್‌ಟಿ ಎಂಬ, ಒಂದು ಗಂಟೆಗೂ ಕಡಿಮೆ ಅವಧಿಯ, ಬಹಳ ಕಡಿಮೆ ಶುಲ್ಕದ ಪರೀಕ್ಷೆಯನ್ನು ಅದೇ ಸಂಸ್ಥೆಯು ಈಚೆಗೆ ತಂದಿದೆ; ಎಲ್ ಒನ್ ಕೆಲಸಕ್ಕೆ ಬೇಕಾದಷ್ಟು ವಿಷಯ ಅದರಲ್ಲಿದೆ. ಯಾವುದೊಂದು ಕಂಪನಿಯ ಯಂತ್ರಕ್ಕೂ ಕಟ್ಟುಬೀಳದ ನೆಟ್‌ವರ್ಕ್ ಪ್ಲಸ್ ಎಂಬ ಪರೀಕ್ಷೆಯೂ ಇದೆ. ಅದರಲ್ಲಿ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ನಮ್ಮ ಕಡೆಯ ಉದ್ಯೋಗದಾತರ ಬಾಯಲ್ಲಿ ಮಾತ್ರ ಸಿಸಿಎನ್ಎಯ ಹೆಸರೇ ಹೆಚ್ಚಾಗಿ ಕೇಳಿಬರುತ್ತದೆ.

ಹಾಗಾದರೆ ಹಣವುಳ್ಳವರಿಗೆ ಮಾತ್ರ ಈ ವಿದ್ಯೆಯೆ? ಅಲ್ಲ. ಸಿಸ್ಕೋ ಸಂಸ್ಥೆಯ ಅಕಾಡೆಮಿಯು ಮೊದಲ ಪಾಠಗಳನ್ನು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಕೊಡುತ್ತದೆ. ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶವನ್ನೂ ಉಚಿತವಾಗಿಯೇ ಕೊಡುತ್ತದೆ. ಸಾಧಾರಣವಾದೊಂದು ಲ್ಯಾಪ್‌ಟಾಪಿನೊಳಗೆ ಹತ್ತು ಸ್ವಿಚ್ಚು, ನಾಲ್ಕು ರೌಟರುಗಳನ್ನು ಪರದೆಯ ಮೇಲೆಯೇ ಜೋಡಿಸಿ, ಕೆಡಿಸಿ, ಸರಿಮಾಡಿ ಕಲಿಯಬಹುದು. ನಿಜವಾದ ಯಂತ್ರವನ್ನೇ ಮುಟ್ಟಬೇಕೆಂಬವರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬಹುದು, ಕಚೇರಿಗಳು ಬಿಸುಟ ಹಳೆಯ ಸ್ವಿಚ್ಚುಗಳು ಅಲ್ಲಿ ಚೌಕಾಸಿಗೆ ದೊರೆಯುತ್ತವೆ. ಕ್ರಿಂಪಿಂಗ್ ಟೂಲು, ಟೆಸ್ಟರು, ಒಂದಿಷ್ಟು ಕೇಬಲ್ಲು, ಕನೆಕ್ಟರುಗಳು ಕೆಲವು ನೂರು ರೂಪಾಯಿಗಳ ಮಾತು. ಆರು ತಿಂಗಳು ಹೀಗೆ ಕೈ ಪಳಗಿಸಿಕೊಂಡು, ಒಬ್ಬ ಕೇಬಲ್ ಆಪರೇಟರನ ಬಳಿಯೋ ಕ್ಯಾಮರಾ ಹಾಕುವವನ ಬಳಿಯೋ ದುಡಿದು, ಆ ದುಡಿಮೆಯ ಹಣದಿಂದಲೇ ಪರೀಕ್ಷೆಗೆ ಕಟ್ಟುವುದು, ಸಾಲಮಾಡಿ ಮೊದಲೇ ಕಟ್ಟುವುದಕ್ಕಿಂತ ಉತ್ತಮವಾದ ದಾರಿಯೆಂದು ನಾನು ಭಾವಿಸುತ್ತೇನೆ.

ಕಾಗದಗಳು ಯಾವುವು, ಅವುಗಳ ಬೆಲೆಯೇನು ಎಂಬುದನ್ನು ಕೇಳಿದಿರಿ. ದಾರಿಯಲ್ಲಿರುವ ಎರಡು ತೊಡಕುಗಳನ್ನು ಹೇಳಿ ಮುಗಿಸುತ್ತೇನೆ.

ಒಂದು, ಇಂಗ್ಲಿಷಿನ ಭಯ. ಕಂಪನಿಗಳ ಈ ಪರೀಕ್ಷೆಗಳು ಕನ್ನಡದಲ್ಲಿಲ್ಲ. ಇದು ಕಹಿಯಾದ ಮಾತು, ಆದರೂ ಹೇಳಲೇಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಇದಕ್ಕೆ ಅಂಜಿ ಹಿಂದೆ ಸರಿಯುತ್ತಾರೆ. ಅಂಜಬೇಕಾಗಿಲ್ಲ. ಯಂತ್ರಕ್ಕೆ ಕೊಡಬೇಕಾದ ಆಜ್ಞೆಗಳು ಬೆರಳೆಣಿಕೆಯ ಪದಗಳಲ್ಲಿವೆ. ದಿನವೂ ಟೈಪು ಮಾಡಿದರೆ ಒಂದೆರಡು ತಿಂಗಳಲ್ಲಿ ಬೆರಳಿಗೇ ಬರುತ್ತವೆ. ತತ್ತ್ವವನ್ನು ಕನ್ನಡದಲ್ಲಿ ಅರಿತುಕೊಂಡು, ತನ್ನ ತಂಗಿಗೆ ಕನ್ನಡದಲ್ಲಿಯೇ ವಿವರಿಸಿ ಹೇಳಬಲ್ಲ ಹುಡುಗನು, ಅರ್ಥವಾಗದ ಇಂಗ್ಲಿಷಿನಲ್ಲಿ ಉರುಹೊಡೆದವನಿಗಿಂತ ಬೇಗ ಪ್ರಶ್ನೆಯನ್ನು ಹಿಡಿಯುತ್ತಾನೆ.

ಇನ್ನೊಂದು, ಡಂಪು. ಪರೀಕ್ಷೆಯಿಂದ ಕದ್ದ ಪ್ರಶ್ನೆಗಳನ್ನೂ ಉತ್ತರಗಳನ್ನೂ ಕಂತೆಕಟ್ಟಿ ಮಾರುವ ದಂಧೆಗೆ ಈ ಹೆಸರು. ಕೆಲವು ತರಬೇತಿ ಕೇಂದ್ರಗಳೇ ಇದನ್ನು ಮಕ್ಕಳ ಕೈಗಿಟ್ಟು ಪಾಸುಮಾಡಿಸುವ ಆಶೆ ಹುಟ್ಟಿಸುತ್ತವೆ. ಸಿಕ್ಕಿಬಿದ್ದರೆ ಪ್ರಮಾಣಪತ್ರವನ್ನು ರದ್ದುಪಡಿಸುವ ಅಧಿಕಾರ ಪರೀಕ್ಷೆ ನಡೆಸುವ ಸಂಸ್ಥೆಗಿದೆ. ಸಿಕ್ಕಿಬೀಳದಿದ್ದರೂ ಅಪಾಯ ತಪ್ಪಿದ್ದಲ್ಲ. ಸಂದರ್ಶನದಲ್ಲಿ ಎದುರಿಗೆ ಕುಳಿತವನು ಒಂದು ತಂತಿಯನ್ನೂ ಒಂದು ಸ್ವಿಚ್ಚನ್ನೂ ಮುಂದಿಟ್ಟು, “ಇದು ಯಾಕೆ ಕೆಲಸ ಮಾಡುತ್ತಿಲ್ಲ, ಹೇಳಪ್ಪ” ಎಂದರೆ, ಡಂಪು ಓದಿದವನಿಗೆ ಬಾಯಿ ಬರುವುದಿಲ್ಲ.

ಆದ್ದರಿಂದ ತಂದೆತಾಯಿಗಳಲ್ಲಿ ನನ್ನದೊಂದು ವಿಜ್ಞಾಪನೆ. ಹೊಸಕೋಟೆಯಲ್ಲಾಗಲಿ, ವೈಟ್‌ಫೀಲ್ಡಿನಲ್ಲಾಗಲಿ, ಯಾವುದೇ ಕೇಂದ್ರಕ್ಕೆ ಫೀಸು ಕಟ್ಟುವ ಮುನ್ನ ಒಳಗಿನ ಲ್ಯಾಬನ್ನು ತೋರಿಸಲು ಹೇಳಿ. ಸ್ವಿಚ್ಚು, ರೌಟರುಗಳು ಎಷ್ಟಿವೆ, ಒಂದೊಂದಕ್ಕೆ ಎಷ್ಟು ಮಂದಿ ವಿದ್ಯಾರ್ಥಿಗಳು, ಪಾಠ ಹೇಳುವವರು ಎಂದಾದರೂ ಕಚೇರಿಯ ಜಾಲವನ್ನು ನಡೆಸಿದ್ದಾರೆಯೆ, ಪರೀಕ್ಷೆಯ ಶುಲ್ಕ ಫೀಸಿನಲ್ಲಿ ಸೇರಿದೆಯೋ ಬೇರೆಯೋ ಎಂಬ ನಾಲ್ಕು ಮಾತುಗಳನ್ನು ಕೇಳಿ. ಉತ್ತರಗಳನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಕೆಲಸ ಗ್ಯಾರಂಟಿ ಎನ್ನುವವರಿಂದ ಆ ಗ್ಯಾರಂಟಿಯನ್ನೂ ಬರವಣಿಗೆಯಲ್ಲಿಯೇ ಕೇಳಿ. ಲ್ಯಾಬನ್ನು ತೋರಿಸಲು ಹಿಂಜರಿಯುವ ಕೇಂದ್ರಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.